ಸೆಕೆ, ಗಿನಿಪಿಗ್ ಮತ್ತು ಒಂದು ಬಾಟಲಿ ಮಂಜುಗಡ್ಡೆ

ಏಪ್ರಿಲ್ ತಿಂಗಳಲ್ಲಿ ಶಾಲೆಗಳಿಗೆ ರಜೆ ಸಿಕ್ಕೊಡನೆ ಬೆಂಗಳೂರಿನಿಂದ ಕರಾವಳಿಯ ಊರುಗಳಿಗೆ ಬರುವ ಕುಟುಂಬಗಳ ಸಾಮಾನಿನ ಜೊತೆ ಈಗೀಗ ಒಂದು ಸಣ್ಣ ಪಂಜರವೂ ಇರುತ್ತದೆ. ಅದರೊಳಗೆ ಗಿನಿಪಿಗ್, ಹ್ಯಾಮ್‌ಸ್ಟರ್ ಅಥವಾ ಮೊಲ. ಮನೆಗೆ ಬೀಗ ಹಾಕಿ ಹೊರಟಾಗ ಅದನ್ನು ಯಾರ ಬಳಿ ಬಿಡುವುದು? ಮಕ್ಕಳ ಹಟಕ್ಕೆ ಪ್ರಾಣಿಯೂ ಪ್ರಯಾಣ ಮಾಡುತ್ತದೆ. ಬೈಂದೂರು ತಾಲ್ಲೂಕಿನ ಶಿರೂರಿನಂಥ ಊರಿಗೆ ಬಂದಿಳಿದ ಎರಡನೆಯ ದಿನವೋ ಮೂರನೆಯ ದಿನವೋ ಮಧ್ಯಾಹ್ನ ಅದು ಮೇವು ಬಿಡುತ್ತದೆ. ಒಂದು ಮಗ್ಗುಲಿಗೆ ಚಾಚಿಕೊಂಡು ಮಲಗಿ ವೇಗವಾಗಿ ಉಸಿರಾಡತೊಡಗುತ್ತದೆ. ಬಾಯಿಯ ಸುತ್ತ ಜೊಲ್ಲಿನಿಂದ ಒದ್ದೆಯಾಗಿರುತ್ತದೆ. ಮನೆಯವರು ಪ್ರಯಾಣದ ಆಯಾಸ ಎಂದುಕೊಳ್ಳುತ್ತಾರೆ, ನೀರು ಬದಲಾದದ್ದು ಎನ್ನುತ್ತಾರೆ. ಹಲವು ಸಲ ಇದು ಉಷ್ಣಾಘಾತದ ಆರಂಭ. ಗಂಟೆಯೊಳಗೆ ಪ್ರಾಣಿ ಸಾಯಲೂಬಹುದು.

(ಶಿರೂರು ಎಂಬ ಹೆಸರಿನ ಊರುಗಳು ಹಲವಿವೆ. 2024ರ ಜುಲೈಯಲ್ಲಿ ಗುಡ್ಡ ಕುಸಿದ ಶಿರೂರು ಅಂಕೋಲಾ ತಾಲ್ಲೂಕಿನದು. ನಾನಿಲ್ಲಿ ಹೇಳುತ್ತಿರುವುದು ಭಟ್ಕಳ ಮತ್ತು ಬೈಂದೂರುಗಳ ನಡುವೆ, ಸಮುದ್ರದ ಅಂಚಿನಲ್ಲಿರುವ ಶಿರೂರು.)

ಮನೆಯವರನ್ನು ಗೊಂದಲಕ್ಕೆ ಈಡುಮಾಡುವುದು ಉಷ್ಣತಾಮಾಪಕ. ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಮಧ್ಯಾಹ್ನ 34 ಡಿಗ್ರಿ ಸೆಲ್ಸಿಯಸ್, ಶಿರೂರಿನಲ್ಲಿ 33. "ಅಲ್ಲಿಗಿಂತ ಇಲ್ಲೇ ಒಂದು ಡಿಗ್ರಿ ಕಡಿಮೆ ಇದೆಯಲ್ಲ!" ಎಂಬ ಪ್ರಶ್ನೆ ಸಹಜ. ಅಲ್ಲಿ ಬದುಕಿದ ಪ್ರಾಣಿ ಇಲ್ಲಿ ಏಕೆ ಸೋಲುತ್ತದೆ? ಕರಾವಳಿಯ ಜನ ಇದಕ್ಕೆ ಉತ್ತರವನ್ನು ಒಂದೇ ಪದದಲ್ಲಿ ಇಟ್ಟುಕೊಂಡಿದ್ದಾರೆ: ಸೆಕೆ. ಬಿಸಿಲು ಬೇರೆ, ಸೆಕೆ ಬೇರೆ. ಈ ವ್ಯತ್ಯಾಸವನ್ನು ಭೌತಶಾಸ್ತ್ರದ ಲೆಕ್ಕದಲ್ಲಿ ನೋಡಿದರೆ ಪ್ರಾಣಿಯನ್ನು ಉಳಿಸುವ ದಾರಿಯೂ ಕಾಣುತ್ತದೆ. ನಾವು ಸಾಮಾನ್ಯವಾಗಿ ಮಾಡುವ ಉಪಚಾರಗಳಲ್ಲಿ ಯಾವುದು ಶಿರೂರಿನಲ್ಲಿ ನಡೆಯುವುದಿಲ್ಲ ಎಂಬುದೂ ತಿಳಿಯುತ್ತದೆ.

ಪ್ಯಾರಿಸಿನ ಗಿನಿಪಿಗ್

ಗಿನಿಪಿಗ್‌ಗೂ ಶಾಖದ ಅಳತೆಗೂ ಹಳೆಯ ನಂಟು. ಫ್ರಾನ್ಸಿನ ಲವಾಸಿಯೆ ಮತ್ತು ಲಪ್ಲಾಸ್ 1780ರ ದಶಕದ ಆರಂಭದಲ್ಲಿ ಮಂಜುಗಡ್ಡೆಯ ಕೆಲೊರಿಮಾಪಕವನ್ನು ರಚಿಸಿದರು. ಒಳಗಿನ ಬುಟ್ಟಿಯಲ್ಲಿ ಬಿಸಿ ವಸ್ತು, ಅದರ ಸುತ್ತ ಮಂಜುಗಡ್ಡೆ, ಅದರಾಚೆ ಹೊರಗಿನ ಶಾಖವನ್ನು ತಡೆಯಲು ಇನ್ನೊಂದು ಸುತ್ತು ಮಂಜುಗಡ್ಡೆ. ಒಳಸುತ್ತಿನ ಮಂಜುಗಡ್ಡೆ ಎಷ್ಟು ಕರಗಿತೆಂದು ತೂಗಿದರೆ ಒಳಗಿನ ವಸ್ತು ಬಿಟ್ಟುಕೊಟ್ಟ ಶಾಖ ಗೊತ್ತಾಗುತ್ತದೆ. ಅವರು ಬುಟ್ಟಿಯಲ್ಲಿ ಒಂದು ಗಿನಿಪಿಗ್ ಅನ್ನು ಕೂರಿಸಿದರು. 10 ಗಂಟೆಗಳಲ್ಲಿ 13 ಔನ್ಸ್ ಮಂಜುಗಡ್ಡೆ ಕರಗಿತು. ಅಷ್ಟೇ ಅವಧಿಯಲ್ಲಿ ಪ್ರಾಣಿ ಹೊರಬಿಡುವಷ್ಟು ಇಂಗಾಲಾಮ್ಲ ಅನಿಲ ಉಂಟಾಗುವಂತೆ ಇದ್ದಿಲನ್ನು ಸುಟ್ಟರೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು ಔನ್ಸ್ ಕರಗುತ್ತದೆಂದು ಲೆಕ್ಕ ಬಂತು. ಎರಡೂ ಸಂಖ್ಯೆಗಳು ಹತ್ತಿರ ಹತ್ತಿರ ಇದ್ದುದರಿಂದ ಉಸಿರಾಟವೂ ಒಂದು ನಿಧಾನವಾದ ದಹನವೇ ಎಂದು ಅವರು 1783ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ವರದಿ ಮಾಡಿದರು.

ಈ 13 ಔನ್ಸನ್ನು ನಮ್ಮ ಮಾನಗಳಿಗೆ ಬದಲಿಸೋಣ. ಅಂದಿನ ಫ್ರೆಂಚ್ ಔನ್ಸ್ ಸುಮಾರು 30.6 ಗ್ರಾಂ. ಹಾಗಾಗಿ ಕರಗಿದ್ದು ಸುಮಾರು 398 ಗ್ರಾಂ. ಒಂದು ಗ್ರಾಂ ಮಂಜುಗಡ್ಡೆ ಕರಗಲು 334 ಜೂಲ್ ಬೇಕು. 10 ಗಂಟೆ ಎಂದರೆ 36,000 ಸೆಕೆಂಡು. ಗುಣಿಸಿ ಭಾಗಿಸಿದರೆ ಸಿಗುವುದು 3.7 ವಾಟ್. ಮಂಜುಗಡ್ಡೆಯ ನಡುವಿನ ಚಳಿಗೆ ಆ ಪ್ರಾಣಿ ತುಸು ಹೆಚ್ಚೇ ಶಾಖ ಉತ್ಪಾದಿಸಿರಬೇಕು. ಆದರೂ ದೇಹದ ತೂಕಕ್ಕೂ ವಿಶ್ರಾಂತ ಸ್ಥಿತಿಯ ಶಾಖೋತ್ಪತ್ತಿಗೂ ಇರುವ ಸಂಬಂಧವನ್ನು 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ನಿರೂಪಿಸಿದ ನಿಯಮವನ್ನು ಬಳಸಿದರೆ 900 ಗ್ರಾಂ ತೂಗುವ ಸಸ್ತನಿಗೆ 3 ವಾಟ್‌ಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಮೇವು ಜೀರ್ಣಿಸುವ, ಓಡಾಡುವ ಪ್ರಾಣಿಗೆ ಇನ್ನಷ್ಟು ಸೇರಿಸಬೇಕು. ನಾವು 3.5 ವಾಟ್ ಎಂದಿಟ್ಟುಕೊಳ್ಳೋಣ. ಹಿಂದೆ ದೇವರ ಕೋಣೆಯಲ್ಲಿ ಇಡೀ ದಿನ ಉರಿಯುತ್ತಿದ್ದ ಪುಟ್ಟ ಕೆಂಪು ಬಲ್ಬಿನಂಥ ಶಾಖಮೂಲ ಇದು.

ಇಷ್ಟು ಸಣ್ಣ ಶಾಖ ಯಾರಿಗೆ ಏನು ಮಾಡೀತು ಎನಿಸಬಹುದು. ಅದು ಹೊರಹೋಗದೆ ದೇಹದಲ್ಲೇ ಉಳಿದರೆ ಏನಾಗುತ್ತದೆ ನೋಡಿ. ಪ್ರಾಣಿಯ ದೇಹದ ವಿಶಿಷ್ಟೋಷ್ಣ ಒಂದು ಕಿಲೋಗ್ರಾಮಿಗೆ ಒಂದು ಡಿಗ್ರಿಗೆ ಸುಮಾರು 3.5 ಕಿಲೋಜೂಲ್. 900 ಗ್ರಾಮಿನ ದೇಹವನ್ನು ಒಂದು ಡಿಗ್ರಿ ಏರಿಸಲು 3,150 ಜೂಲ್ ಸಾಕು. 3.5 ವಾಟ್ ದರದಲ್ಲಿ ಅದಕ್ಕೆ ತಗಲುವ ಕಾಲ 900 ಸೆಕೆಂಡು, ಅಂದರೆ ಕಾಲು ಗಂಟೆ. ಸುಮ್ಮನೆ ಕುಳಿತಿರುವ 70 ಕಿಲೋಗ್ರಾಮಿನ ಮನುಷ್ಯನಿಗೆ ಇದೇ ಲೆಕ್ಕ ಹಾಕಿದರೆ ಐವತ್ತು ನಿಮಿಷ ಬೇಕು. ದೇಹ ಚಿಕ್ಕದಾದಷ್ಟೂ ಗಡಿಯಾರ ಬೇಗ ಓಡುತ್ತದೆ. ಗಿನಿಪಿಗ್‌ನ ದೂರದ ಬಂಧು, ದಕ್ಷಿಣ ಅಮೆರಿಕದ ಚಿಲಿ ದೇಶದ ಡೇಗು ಎಂಬ ದಂಶಕವನ್ನು ಪಾಶ್ಚಾತ್ಯ ದೇಶಗಳಲ್ಲಿ ಮನೆಗಳಲ್ಲಿ ಸಾಕುತ್ತಾರೆ. ಅದರ ತೂಕ ಸುಮಾರು 200 ಗ್ರಾಂ. ಅದಕ್ಕೆ ಹನ್ನೊಂದು ಹನ್ನೆರಡು ನಿಮಿಷವೇ ಸಾಕು.

ಗಿನಿಪಿಗ್‌ನ ಸಹಜ ದೇಹೋಷ್ಣತೆ 37.2ರಿಂದ 39.5 ಡಿಗ್ರಿ. 41 ದಾಟಿದರೆ ಅಪಾಯ. ಶಾಖ ಹೊರಹೋಗುವ ದಾರಿಗಳು ಪೂರ್ತಿ ಮುಚ್ಚಿದರೆ ನಮಗೆ ಸಿಗುವ ಸಮಯ ಹೆಚ್ಚೆಂದರೆ ಮುಕ್ಕಾಲು ಗಂಟೆ. ಮನೆಯವರೆಲ್ಲ ಊಟ ಮಾಡಿ ಸ್ವಲ್ಪ ಅಡ್ಡಾಗುವಷ್ಟು ಹೊತ್ತು.

ಶಾಖ ಹೊರಹೋಗುವ ದಾರಿಗಳು

ದೇಹದಿಂದ ಶಾಖ ಹೊರಹೋಗಲು ವಹನ, ಸಂವಹನ, ವಿಕಿರಣ, ಆವಿಯಾಗುವಿಕೆ ಎಂಬ ನಾಲ್ಕು ಮಾರ್ಗಗಳಿವೆಯೆಂದು ನೀವು ಪಾಠ ಮಾಡಿರುತ್ತೀರಿ, ಇಲ್ಲವೇ ಓದಿರುತ್ತೀರಿ. ಮೊದಲಿನ ಮೂರೂ ಉಷ್ಣತೆಯ ವ್ಯತ್ಯಾಸವನ್ನು ಅವಲಂಬಿಸಿವೆ. ದೇಹ 39 ಡಿಗ್ರಿ, ಕೋಣೆ 22 ಡಿಗ್ರಿ ಇದ್ದರೆ ವ್ಯತ್ಯಾಸ 17. ಕೋಣೆ 33 ಆದರೆ ವ್ಯತ್ಯಾಸ 6. ಅಂದರೆ ಈ ಮಾರ್ಗಗಳಲ್ಲಿ ಹೊರಹೋಗುವ ಶಾಖ ಹೆಚ್ಚುಕಡಿಮೆ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಪ್ರಾಣಿ ಇದನ್ನು ಸರಿದೂಗಿಸಲು ಕಿವಿ ಮತ್ತು ಪಾದಗಳಿಗೆ ಹೆಚ್ಚು ರಕ್ತ ಹರಿಸುತ್ತದೆ. ಆಗ ಕಿವಿಗಳು ಕೆಂಪಾಗಿ ಬಿಸಿಯಾಗಿರುತ್ತವೆ. ಮೊಲಕ್ಕೆ ದೊಡ್ಡ ಕಿವಿಗಳಿವೆ, ಈ ಕೆಲಸ ಚೆನ್ನಾಗಿ ಆಗುತ್ತದೆ. ಗಿನಿಪಿಗ್‌ನ ಕಿವಿ ಹೂವಿನ ಎಸಳಿನಷ್ಟು. ದೇಹವೋ ದುಂಡಗೆ, ಕುತ್ತಿಗೆಯೇ ಇಲ್ಲದಂತೆ, ದಟ್ಟ ಕೂದಲು. ಆಂಡೀಸ್ ಪರ್ವತಸೀಮೆಯ ಚಳಿಯಲ್ಲಿ ಶಾಖ ಉಳಿಸಿಕೊಳ್ಳಲು ಹೇಳಿ ಮಾಡಿಸಿದ ಆಕಾರ.

ಉಳಿದದ್ದು ಆವಿಯಾಗುವಿಕೆ. ನಾವು ಬೆವರುತ್ತೇವೆ. ಒಂದು ಗ್ರಾಂ ಬೆವರು ಚರ್ಮದ ಮೇಲೆ ಆವಿಯಾದರೆ ಸುಮಾರು 2,400 ಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಗಿನಿಪಿಗ್ ನಮ್ಮಂತೆ ಬೆವರಿ ತಣಿಯಲಾರದು. ನಾಯಿಯಂತೆ ನಾಲಿಗೆ ಚಾಚಿ ಏದುಸಿರು ಬಿಡುವ ಸಾಮರ್ಥ್ಯವೂ ಅದಕ್ಕಿಲ್ಲ. ಉಸಿರಿನ ತೇವ, ಕೊನೆಗೆ ಜೊಲ್ಲು, ಇಷ್ಟೇ ಅದರ ಬಂಡವಾಳ.

ಶಿರೂರು ಇಲ್ಲಿಯೇ ಹೊಡೆತ ಕೊಡುವುದು. ಉಸಿರಿನ ಗಾಳಿ ದೇಹದೊಳಗೆ 38 ಡಿಗ್ರಿಯಲ್ಲಿ ಸಂತೃಪ್ತವಾಗುತ್ತದೆಂದು ಭಾವಿಸಿ. ಆಗ ಅದರ ಒಂದು ಘನ ಮೀಟರಿನಲ್ಲಿ 46 ಗ್ರಾಂ ನೀರಾವಿ ಇರುತ್ತದೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನದ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 30 ಎಂದುಕೊಂಡರೆ 34 ಡಿಗ್ರಿಯಲ್ಲಿ ಅದರಲ್ಲಿರುವುದು 11 ಗ್ರಾಂ. ಹೀಗೆ ಪ್ರತಿ ಘನ ಮೀಟರ್ ಉಸಿರೂ 35 ಗ್ರಾಂ ತೇವವನ್ನು ಹೊರಗೊಯ್ಯಬಲ್ಲದು. ಶಿರೂರಿನ 33 ಡಿಗ್ರಿಯ ಗಾಳಿಯಲ್ಲಿ ಆರ್ದ್ರತೆ ಶೇಕಡಾ 70 ಇದ್ದರೆ ಅದರಲ್ಲಿ ಆಗಲೇ 25 ಗ್ರಾಂ ಇದೆ. ಹೊರಗೊಯ್ಯಲು ಉಳಿದ ಜಾಗ 21 ಗ್ರಾಂ ಮಾತ್ರ. ಮೊದಲೇ ಚಿಕ್ಕದಾಗಿದ್ದ ಬಂಡವಾಳದಲ್ಲಿ ಶೇಕಡಾ 40 ಹೋಯಿತು.

ರಾತ್ರಿಯ ವಿಷಯವನ್ನೂ ಮರೆಯಬಾರದು. ಬೆಂಗಳೂರಿನಲ್ಲಿ ನಸುಕಿಗೆ 22 ಡಿಗ್ರಿಗೆ ಇಳಿಯುತ್ತದೆ, ಹಗಲಿನ ಸಾಲವನ್ನು ಪ್ರಾಣಿ ತೀರಿಸಿಕೊಳ್ಳುತ್ತದೆ. ಕರಾವಳಿಯಲ್ಲಿ ರಾತ್ರಿಯೂ 25–26ರ ಕೆಳಗೆ ಇಳಿಯುವುದು ಕಷ್ಟ. ಗಿನಿಪಿಗ್ ಸಾಕಲು ಹಿತವಾದ ಉಷ್ಣತೆ 18ರಿಂದ 26 ಡಿಗ್ರಿ ಎಂದು ಪಶುವೈದ್ಯ ಗ್ರಂಥಗಳು ಹೇಳುತ್ತವೆ. ಶಿರೂರಿನ ಏಪ್ರಿಲ್‌ನಲ್ಲಿ ಆ ಹಿತದ ಮೇಲಿನ ಅಂಚು ನಮಗೆ ಸಿಗುವುದು ಬೆಳಗಿನ ಜಾವದಲ್ಲಿ. ಇದರರ್ಥ ಕರಾವಳಿಯಲ್ಲಿ ಸಾಕಿದ ಗಿನಿಪಿಗ್‌ಗಳೆಲ್ಲ ಬೇಸಿಗೆಯಲ್ಲಿ ಸಾಯುತ್ತವೆ ಎಂದಲ್ಲ. ಇಲ್ಲೇ ಇದ್ದವು ವಾರಗಳ ಅವಧಿಯಲ್ಲಿ ಸ್ವಲ್ಪ ಹೊಂದಿಕೊಳ್ಳುತ್ತವೆ. ಆದರೆ ಲೆಕ್ಕ ಸದಾ ಅಂಚಿನಲ್ಲಿರುತ್ತದೆ. ಬಸುರಿ ಪ್ರಾಣಿ, ಕೊಬ್ಬಿದ ಪ್ರಾಣಿ, ಉದ್ದ ಕೂದಲಿನ ತಳಿ, ನಿನ್ನೆಯಷ್ಟೇ ಘಟ್ಟ ಇಳಿದು ಬಂದದ್ದು ಮೊದಲು ಅಂಚು ದಾಟುತ್ತವೆ.

ನಮ್ಮ ಹವಾಮಾನ ಇಲಾಖೆಯೂ ಈ ವ್ಯತ್ಯಾಸವನ್ನು ಗುರುತಿಸಿದೆ. ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣತೆ 40 ಡಿಗ್ರಿ ಮುಟ್ಟಿದ ಮೇಲೆ ಬಿಸಿಗಾಳಿಯ ವಿಚಾರ ಬರುತ್ತದೆ. ಕರಾವಳಿ ಕೇಂದ್ರಗಳಿಗೆ ಆ ಮಿತಿ 37 ಡಿಗ್ರಿ, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು. 2025ರಲ್ಲಿ ಫೆಬ್ರುವರಿ ಮುಗಿಯುವ ಮೊದಲೇ ಕರಾವಳಿ ಕರ್ನಾಟಕಕ್ಕೆ ಇಂಥ ಎಚ್ಚರಿಕೆ ಬಂದಿತ್ತು.

ಒದ್ದೆ ಗೋಣಿಯ ಉಪಾಯ

ಉಷ್ಣತಾಮಾಪಕದ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದರೆ ಅದು ತೋರಿಸುವ ಉಷ್ಣತೆಯನ್ನು ಆರ್ದ್ರಬಲ್ಬ್ ಉಷ್ಣತೆ ಎನ್ನುತ್ತೇವೆ. ನೀರನ್ನು ಆವಿ ಮಾಡಿ ಎಷ್ಟರಮಟ್ಟಿಗೆ ತಂಪು ಪಡೆಯಬಹುದು ಎಂಬುದಕ್ಕೆ ಅದೇ ಗಡಿ. ಕಲಬುರಗಿಯ ಮೇ ತಿಂಗಳಲ್ಲಿ 40 ಡಿಗ್ರಿ, ಆರ್ದ್ರತೆ ಶೇಕಡಾ 20 ಇದ್ದಾಗ ಆರ್ದ್ರಬಲ್ಬ್ ಉಷ್ಣತೆ ಸುಮಾರು 23. ಅಲ್ಲಿ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದರೆ ಕೋಣೆ ನಿಜವಾಗಿ ತಣಿಯುತ್ತದೆ, ಏರ್ ಕೂಲರ್ ಕೆಲಸ ಮಾಡುತ್ತದೆ. ನಾವು ಮೇಲೆ ಹೇಳಿದ ಬೆಂಗಳೂರಿನ ಮಧ್ಯಾಹ್ನಕ್ಕೆ ಇದು 21ರಿಂದ 22. ಶಿರೂರಿನ 33 ಡಿಗ್ರಿ, ಶೇಕಡಾ 70ಕ್ಕೆ ಅದು 28 ದಾಟುತ್ತದೆ.

ಪಂಜರದ ಮೇಲೆ ಒದ್ದೆ ಗೋಣಿ ಹೊದಿಸಬೇಕೆಂಬ ಸಲಹೆ ಒಣ ಸೀಮೆಯದು. ಶಿರೂರಿನಲ್ಲಿ ಅದರಿಂದ ಸೈದ್ಧಾಂತಿಕವಾಗಿ ಸಿಗಬಹುದಾದ ಗರಿಷ್ಠ ತಂಪು ನಾಲ್ಕೂವರೆ ಡಿಗ್ರಿ. ವಾಸ್ತವದಲ್ಲಿ ಅರ್ಧ ಸಿಕ್ಕರೆ ಪುಣ್ಯ, ಆಗ ಒಳಗಿನ ಆರ್ದ್ರತೆ ಶೇಕಡಾ 80 ದಾಟಿರುತ್ತದೆ. ಸಮುದ್ರದ ಕಡೆಯಿಂದ ಗಾಳಿ ಚೆನ್ನಾಗಿ ಬೀಸುತ್ತಿದ್ದು, ಗೋಣಿಯನ್ನು ಪಂಜರದಿಂದ ಒಂದು ಮೊಳ ದೂರದಲ್ಲಿ ತೂಗುಹಾಕಿದರೆ ಅಲ್ಪ ಲಾಭವಿದೆ. ಪಂಜರವನ್ನೇ ಮುಚ್ಚಿದರೆ ಮಧ್ಯಾಹ್ನದ ಕಡಲಗಾಳಿ ಎಂಬ ಒಂದೇ ಒಂದು ಅನುಕೂಲವನ್ನೂ ತಡೆದಂತಾಯಿತು. ನನ್ನ ಮಟ್ಟಿಗೆ ಕರಾವಳಿಯಲ್ಲಿ ಈ ಉಪಾಯವನ್ನು ಕೈಬಿಡುವುದೇ ಒಳ್ಳೆಯದು. ಫ್ಯಾನಿನ ವಿಷಯದಲ್ಲೂ ತಪ್ಪು ತಿಳಿವಳಿಕೆ ಇದೆ. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ನಮ್ಮ ಬೆವರನ್ನು ಆರಿಸುತ್ತದೆ. ಬೆವರದ ಪ್ರಾಣಿಗೆ ಅದರಿಂದ ಸಿಗುವುದು ಸಂವಹನದ ಅಲ್ಪ ಹೆಚ್ಚಳ. 33 ಡಿಗ್ರಿಯಲ್ಲಿ ಫ್ಯಾನು ತುಸು ಉಪಕಾರಿ. ಕಲಬುರಗಿಯ 41 ಡಿಗ್ರಿಯಲ್ಲಿ ಒಣ ಮೈಯ ಗಿನಿಪಿಗ್ ಕಡೆಗೆ ಫ್ಯಾನು ತಿರುಗಿಸಿದರೆ ಒಲೆಯ ಗಾಳಿ ಊದಿದಂತೆ.

ಇನ್ನು ಮಾಡು. ಹಂಚಿನ ಮಾಡಿನ ಹಳೆಯ ಮನೆಗಳಲ್ಲಿ ಹಂಚುಗಳ ಸಂದಿಯಿಂದ ಬಿಸಿಗಾಳಿ ಮೇಲಕ್ಕೆ ಹೋಗುತ್ತಿತ್ತು. ಅಟ್ಟವಿದ್ದರೆ ಮಾಡಿನ ಬಿಸಿ ಕೆಳಗಿನ ಕೋಣೆಗೆ ನೇರವಾಗಿ ಇಳಿಯುತ್ತಿರಲಿಲ್ಲ. ಈಗಿನ ತಾರಸಿ ಮನೆಯ ಮಹಡಿ ಕೋಣೆಯಲ್ಲಿ ಸ್ಲ್ಯಾಬಿನ ಒಳಮೈ ಗಾಳಿಗಿಂತ ಬಿಸಿಯಾಗಿರುತ್ತದೆ. ಅದು 40 ಡಿಗ್ರಿ ಎಂದುಕೊಳ್ಳಿ. ಸ್ಟೆಫಾನ್–ಬೋಲ್ಟ್ಸ್‌ಮನ್ ನಿಯಮದಂತೆ 33 ಡಿಗ್ರಿಯ ಮೇಲ್ಮೈಗೆ ಹೋಲಿಸಿದರೆ ಅದು ಪ್ರತಿ ಚದರ ಮೀಟರಿಗೆ ಸುಮಾರು 47 ವಾಟ್ ಹೆಚ್ಚು ವಿಕಿರಣ ಸೂಸುತ್ತದೆ. ಗಿನಿಪಿಗ್‌ನ ಬೆನ್ನಿನ ವಿಸ್ತೀರ್ಣಕ್ಕೆ ಲೆಕ್ಕ ಹಾಕಿದರೆ ಒಂದರಿಂದ ಒಂದೂವರೆ ವಾಟ್. ತಾನೇ ಉತ್ಪಾದಿಸುವ 3.5 ವಾಟನ್ನು ಹೊರಹಾಕಲು ಹೆಣಗುತ್ತಿರುವ ಪ್ರಾಣಿಯ ಮೇಲೆ ಇದು ಹೆಚ್ಚುವರಿ ಹೊರೆ. ಇನ್ನೊಂದು ಸಂಗತಿ ಎಂದರೆ ಸ್ಲ್ಯಾಬು ಬಿಸಿಲಿನ ಶಾಖವನ್ನು ಒಳಮೈಗೆ ದಾಟಿಸಲು ಮೂರು ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ. ಹೊರಗೆ ಸಂಜೆ ತಂಪಾಯಿತೆಂದು ಪಂಜರವನ್ನು ಮಹಡಿ ಕೋಣೆಗೆ ಸೇರಿಸುವ ಹೊತ್ತಿಗೆ ಸರಿಯಾಗಿ ಮಾಡು ತನ್ನ ಬಿಸಿಯನ್ನು ಕೆಳಗೆ ಸುರಿಯುತ್ತಿರುತ್ತದೆ. ಶೀಟು ಹೊದಿಸಿದ ಕೋಣೆಯಾದರೆ ಹೇಳುವುದೇ ಬೇಡ.

ಕೆಲಸ ಮಾಡುವ ತಂಪು

ಹಾಗಾದರೆ ಏನು ಮಾಡಬೇಕು? ಆವಿಯ ದಾರಿ ಮುಚ್ಚಿದಾಗ ವಹನದ ದಾರಿಯನ್ನು ತೆರೆಯಬೇಕು. ನೆಲಮಹಡಿಯ ಒಳಕೋಣೆಯ ನೆಲ ಇಡೀ ಮನೆಯಲ್ಲೇ ತಂಪಾದ ಜಾಗ. ಅದು ಭೂಮಿಗೆ ಅಂಟಿಕೊಂಡಿದೆ, ಮಣ್ಣಿನ ಉಷ್ಣತೆ ವರ್ಷದ ಸರಾಸರಿಯ ಹತ್ತಿರ ಇರುತ್ತದೆ. ಪಂಜರವನ್ನು ಮೇಜಿನ ಮೇಲಿನಿಂದ ಇಳಿಸಿ ನೆಲದ ಮೇಲಿಡಿ. ತಳದ ಪ್ಲಾಸ್ಟಿಕ್ ತಟ್ಟೆಯ ಒಂದು ಭಾಗದಲ್ಲಿ ಹಾಸು ತೆಗೆದು ಟೈಲ್ಸಿನ ಅಥವಾ ಕಡಪ ಕಲ್ಲಿನ ತುಂಡು ಇಟ್ಟರೆ ಪ್ರಾಣಿ ತಾನಾಗಿ ಅದರ ಮೇಲೆ ಹೊಟ್ಟೆ ಊರಿ ಮಲಗುತ್ತದೆ. ಹೊಟ್ಟೆಯ ಕಡೆ ಕೂದಲು ವಿರಳ, ಶಾಖ ಸುಲಭವಾಗಿ ದಾಟುತ್ತದೆ.

ಟೈಲ್ಸಿನ ತುಂಡನ್ನು ಫ್ರಿಜ್ಜಿನಲ್ಲಿಟ್ಟು ತಂಪು ಮಾಡಬಹುದು. ಒಂದು ಕಿಲೋಗ್ರಾಂ ಟೈಲ್ಸ್ 5 ಡಿಗ್ರಿಯಿಂದ 30ಕ್ಕೆ ಏರುವಾಗ ಸುಮಾರು 21 ಕಿಲೋಜೂಲ್ ಹೀರುತ್ತದೆ. ಅದೇ ಒಂದು ಲೀಟರ್ ಬಾಟಲಿಯಲ್ಲಿ ಗಟ್ಟಿಗೊಳಿಸಿದ ಮಂಜುಗಡ್ಡೆ ಕೇವಲ ಕರಗುವಾಗ 334 ಕಿಲೋಜೂಲ್ ಹೀರುತ್ತದೆ, ಅಂದರೆ ಹದಿನಾರು ಪಟ್ಟು. ಅದು ಆರು ಗಂಟೆ ಕಾಲ ಕರಗಿದರೆ ಸರಾಸರಿ 15 ವಾಟ್ ದರದ ತಂಪುಯಂತ್ರ. ಗಿನಿಪಿಗ್‌ನ ಉತ್ಪಾದನೆಯ ನಾಲ್ಕು ಪಟ್ಟು. ಲವಾಸಿಯೆ ಶಾಖ ಅಳೆಯಲು ಬಳಸಿದ ಅದೇ ಗುಪ್ತೋಷ್ಣ ಇಲ್ಲಿ ರಕ್ಷಣೆಗೆ ಬರುತ್ತದೆ. ಬಾಟಲಿಯನ್ನು ಪೂರ್ತಿ ತುಂಬಬೇಡಿ, ನೀರು ಗಟ್ಟಿಯಾಗುವಾಗ ಹಿಗ್ಗುತ್ತದೆ.

ಇದರಲ್ಲೂ ಕರಾವಳಿಯದೇ ಒಂದು ತೊಡಕಿದೆ. ಬಾಟಲಿಯನ್ನು ಹೊರಗಿಟ್ಟ ಎರಡೇ ನಿಮಿಷಕ್ಕೆ ಅದರ ಮೈಯೆಲ್ಲ ನೀರು. ಗಾಳಿಯ ಆವಿ ಅಲ್ಲಿ ಸಾಂದ್ರೀಕರಿಸುತ್ತದೆ. ಹಾಗೆ ನೀರಾಗುವ ಪ್ರತಿ ಗ್ರಾಂ ಆವಿಯೂ ಸುಮಾರು 2,450 ಜೂಲ್ ಬಿಟ್ಟುಕೊಟ್ಟು ಏಳು ಗ್ರಾಂ ಮಂಜುಗಡ್ಡೆಯನ್ನು ಕರಗಿಸಿಬಿಡುತ್ತದೆ. ನಮ್ಮ ತಂಪಿನ ಒಂದು ಪಾಲನ್ನು ಸೆಕೆಯೇ ತಿಂದಂತೆ. ಆದ್ದರಿಂದ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ, ಕೆಳಗೆ ತಟ್ಟೆ ಇಟ್ಟು, ಬಟ್ಟೆ ತೊಯ್ದಾಗ ಬದಲಿಸಬೇಕು. ಹಾಸು ಒದ್ದೆಯಾದರೆ ಚರ್ಮಕ್ಕೆ ಬೂಷ್ಟು ಸೋಂಕು ತಗಲುತ್ತದೆ, ಅದು ಮಕ್ಕಳಿಗೂ ಹರಡಬಲ್ಲದು. ಪಂಜರ ಚಿಕ್ಕದಾಗಿದ್ದರೆ ಬಾಟಲಿಯನ್ನು ಹೊರಗೆ ಒಂದು ಪಕ್ಕಕ್ಕೆ ಒರಗಿಸಿ. ಬೇಡವೆನಿಸಿದಾಗ ಪ್ರಾಣಿ ಅದರಿಂದ ದೂರ ಸರಿಯಲು ಜಾಗವಿರಲೇಬೇಕು. ಎರಡು ಬಾಟಲಿಗಳಿದ್ದರೆ ಒಂದು ಕರಗುವಾಗ ಇನ್ನೊಂದು ಗಟ್ಟಿಯಾಗುತ್ತದೆ. ಮಳೆಗಾಲಕ್ಕೆ ಮುಂಚಿನ ಗುಡುಗು ಗಾಳಿಗೆ ಕರೆಂಟು ಹೋಗುವ ದಿನಗಳಿಗಾಗಿ ಮೂರನೆಯದೂ ಇರಲಿ.

ಹವಾನಿಯಂತ್ರಕವಿದ್ದರೆ ಮೇಲಿನದೆಲ್ಲ ಬೇಡ. ಅದು ಉಷ್ಣತೆ ಮತ್ತು ಆರ್ದ್ರತೆ ಎರಡನ್ನೂ ಇಳಿಸುತ್ತದೆ. 26 ಡಿಗ್ರಿಗೆ ಇಟ್ಟರೆ ಸಾಕು. ಆದರೆ ರಾತ್ರಿ ಮಲಗುವಾಗ ಮಾತ್ರ ಚಾಲೂ ಮಾಡುವ ಮನೆಯಲ್ಲಿ ಮಧ್ಯಾಹ್ನದ ಪ್ರಶ್ನೆ ಹಾಗೇ ಉಳಿಯುತ್ತದೆ.

ಮೇವಿನ ವಿಷಯದಲ್ಲಿ ಎರಡು ಮಾತು. ಮೇವು ಜೀರ್ಣವಾಗುವಾಗಲೂ ಶಾಖ ಹುಟ್ಟುತ್ತದೆ. ಹಾಗಾಗಿ ಹುಲ್ಲನ್ನು ಬೆಳಗಿನ ಜಾವ ಮತ್ತು ರಾತ್ರಿ ಹೆಚ್ಚು ಕೊಡಿ. ಗಿನಿಪಿಗ್ ನಮ್ಮಂತೆಯೇ ಸಿ ಜೀವಸತ್ವವನ್ನು ದೇಹದಲ್ಲಿ ತಯಾರಿಸಲಾರದು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಸ್ಕರ್ವಿ ರೋಗವನ್ನು ಪ್ರಾಣಿಯಲ್ಲಿ ಮೊದಲು ಉಂಟುಮಾಡಿ ತೋರಿಸಿದ್ದೂ ಇದರಲ್ಲಿಯೇ. ಅಂಗಡಿಯ ಉಂಡೆ ಮೇವಿನಲ್ಲಿರುವ ಸಿ ಜೀವಸತ್ವ ಬಿಸಿ ಮತ್ತು ತೇವಕ್ಕೆ ಬೇಗ ನಾಶವಾಗುವುದರಿಂದ ಕರಾವಳಿಯಲ್ಲಿ ಹಸಿರು ಸೊಪ್ಪು, ದೊಣ್ಣೆಮೆಣಸು, ಒಂದು ಚೂರು ಪೇರಳೆ ಅಗತ್ಯ. ಆದರೆ ಇದೇ ಪೇರಳೆಯ ಚೂರು ಡೇಗುವಿಗೆ ವಿಷ! ಅದರ ಇನ್ಸುಲಿನ್ನಿನ ರಚನೆ ಇತರ ಸಸ್ತನಿಗಳದಕ್ಕಿಂತ ಭಿನ್ನ, ಪರಿಣಾಮ ದುರ್ಬಲ. ಸಿಹಿ ತಿಂದರೆ ಸಕ್ಕರೆ ಕಾಯಿಲೆ ಬರುತ್ತದೆ. ಕಣ್ಣಿನ ಮಸೂರದಲ್ಲಿ ಸಕ್ಕರೆ ಸಾರ್ಬಿಟಾಲ್ ಆಗಿ ಬದಲಾಗಿ ಶೇಖರವಾಗುತ್ತದೆ, ಪರಾಸರಣದಿಂದ ನೀರು ಒಳನುಗ್ಗುತ್ತದೆ, ಕೆಲವೇ ವಾರಗಳಲ್ಲಿ ಪೊರೆ ಬರುತ್ತದೆ. ಬಂಧುಗಳೆಂದ ಮಾತ್ರಕ್ಕೆ ಒಂದರ ಪಥ್ಯ ಇನ್ನೊಂದಕ್ಕೆ ಆಗದು. ಸೆಕೆಯ ವಿಷಯದಲ್ಲಿ ಮಾತ್ರ ಇವೆರಡೂ ಒಂದೇ ದೋಣಿಯವು. ಕಾಡಿನ ಡೇಗು ಚಿಲಿಯ ಬೇಸಿಗೆಯ ನಡುಮಧ್ಯಾಹ್ನ ಬಿಲ ಸೇರಿ ತಂಪು ಹೊತ್ತಿಗೆ ಮಾತ್ರ ಹೊರಬರುತ್ತದೆ. ಪಂಜರದಲ್ಲಿ ಅದಕ್ಕೆ ಬಿಲವೆಲ್ಲಿ?

ಪ್ರಾಣಿ ಬಿದ್ದಾಗ

ಚಾಚಿ ಮಲಗಿದೆ, ಉಸಿರು ವೇಗವಾಗಿದೆ, ಕಿವಿ ಬಿಸಿಯಾಗಿದೆ, ಜೊಲ್ಲು ಸುರಿಯುತ್ತಿದೆ, ಎಬ್ಬಿಸಿದರೆ ಓಲಾಡುತ್ತದೆ. ಇವುಗಳಲ್ಲಿ ಎರಡು ಕಂಡರೂ ಕಾಯಬೇಡಿ. ತಕ್ಷಣ ನೆಲಮಹಡಿಯ ತಂಪು ನೆಲಕ್ಕೆ ತನ್ನಿ. ಬಾವಿಯ ನೀರಿನಿಂದ ಪಾದ, ಕಿವಿ, ಹೊಟ್ಟೆಯ ಭಾಗವನ್ನು ತೋಯಿಸಿ, ಫ್ಯಾನು ಹಾಕಿ.

ಒದ್ದೆ ಗೋಣಿ ನಡೆಯದು ಎಂದವರು ಈಗ ಪ್ರಾಣಿಯನ್ನೇ ಒದ್ದೆ ಮಾಡಿ ಎನ್ನುತ್ತೀರಲ್ಲ ಎಂದು ನಿಮ್ಮ ವಿದ್ಯಾರ್ಥಿಗಳು ಕೇಳಬೇಕು. ಕೇಳದಿದ್ದರೆ ನೀವೇ ಕೇಳಿಸಿ. ಗೋಣಿಯ ಉಷ್ಣತೆ ಗಾಳಿಯಷ್ಟೇ, 33. ಪ್ರಾಣಿಯ ಚರ್ಮ 38–40. ನೀರಿನ ಸಂತೃಪ್ತ ಆವಿಯ ಒತ್ತಡ ಉಷ್ಣತೆಯೊಂದಿಗೆ ಕಡಿದಾಗಿ ಏರುತ್ತದೆ: 33 ಡಿಗ್ರಿಯಲ್ಲಿ 5 ಕಿಲೋಪಾಸ್ಕಲ್ ಇದ್ದದ್ದು 39ರಲ್ಲಿ 7. ಗಾಳಿಯಲ್ಲಿರುವ ಆವಿಯ ಒತ್ತಡ 3.5. ಹಾಗಾಗಿ ಬಿಸಿ ಚರ್ಮದ ಮೇಲಿನ ನೀರು ಸೆಕೆಯಲ್ಲೂ ಚೆನ್ನಾಗಿ ಆವಿಯಾಗುತ್ತದೆ. ಪ್ರಾಣಿಗೆ ಇಲ್ಲದ ಬೆವರನ್ನು ನಾವು ಹೊರಗಿನಿಂದ ಒದಗಿಸುತ್ತಿದ್ದೇವೆ. ಚರ್ಮದಿಂದಲೇ ಶಾಖ ಪಡೆದು ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು ನೀರು ಆವಿಯಾದರೆ ಇಡೀ ದೇಹ ಒಂದು ಡಿಗ್ರಿ ಇಳಿಯುತ್ತದೆ. ನೀರು ಕೂದಲಿನ ತುದಿಯಲ್ಲಿ ನಿಲ್ಲದೆ ಚರ್ಮಕ್ಕೆ ತಾಗಬೇಕು. ಪಾದ, ಕಿವಿಗಳನ್ನು ಆರಿಸುವುದು ಅದಕ್ಕೇ.

ಮಂಜುಗಡ್ಡೆ ನೀರಿನಲ್ಲಿ ಅದ್ದಬಾರದು. ದೇಹದ ಒಳಗಿನ ಶಾಖವನ್ನು ಹೊರಮೈಗೆ ತರುವುದು ರಕ್ತ. ತೀರ ತಣ್ಣೀರು ತಾಗಿದೊಡನೆ ಚರ್ಮದ ರಕ್ತನಾಳಗಳು ಕುಗ್ಗಿ, ಶಾಖ ಒಳಗೇ ಸಿಕ್ಕಿಬೀಳುತ್ತದೆ. ಕರಾವಳಿಯ ಬಾವಿನೀರು 27–28 ಡಿಗ್ರಿ ಇರುತ್ತದೆ, ಈ ಕೆಲಸಕ್ಕೆ ಅದೇ ಸರಿ. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು. ಜ್ವರದ ಮಾತ್ರೆಯೂ ಬೇಡ. ಜ್ವರದಲ್ಲಿ ಮಿದುಳು ದೇಹೋಷ್ಣತೆಯ ಗುರಿಯನ್ನೇ ಮೇಲಕ್ಕೆ ಸರಿಸಿರುತ್ತದೆ, ಮಾತ್ರೆ ಆ ಗುರಿಯನ್ನು ಇಳಿಸುತ್ತದೆ. ಉಷ್ಣಾಘಾತದಲ್ಲಿ ಗುರಿ ಇದ್ದಲ್ಲೇ ಇದೆ, ಶಾಖ ಹೊರಹೋಗುತ್ತಿಲ್ಲ ಅಷ್ಟೆ.

ಹತ್ತು ಹದಿನೈದು ನಿಮಿಷದಲ್ಲಿ ಉಸಿರು ಶಾಂತವಾಗಿ ಪ್ರಾಣಿ ಎದ್ದು ಕೂತರೆ ತೋಯಿಸುವುದನ್ನು ನಿಲ್ಲಿಸಿ, ಒರೆಸಿ. ಆಮೇಲೂ ಪಶುವೈದ್ಯರಿಗೆ ತೋರಿಸಬೇಕು. ಮೂತ್ರಪಿಂಡ, ಕರುಳುಗಳಿಗೆ ಆದ ಪೆಟ್ಟು ಒಂದೆರಡು ದಿನ ತಡವಾಗಿ ಕಾಣುವುದುಂಟು. ಗಿನಿಪಿಗ್ ಒಂದು ದಿನ ಮೇವು ಬಿಟ್ಟರೂ ಅದರ ಕರುಳಿನ ಚಲನೆ ನಿಂತುಹೋಗುವ ಭಯವಿದೆ. ತಾಲ್ಲೂಕಿನ ಪಶು ಆಸ್ಪತ್ರೆಗಳ ದಿನನಿತ್ಯದ ಕೆಲಸ ದನಕರುಗಳದ್ದು. ಬೈಂದೂರು, ಕುಂದಾಪುರ ಕಡೆಯಲ್ಲಿ ಸಣ್ಣ ಪ್ರಾಣಿಗಳನ್ನು ನೋಡುವ ವೈದ್ಯರು ಯಾರೆಂದು ಪ್ರಾಣಿ ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ. ಘಟ್ಟದ ಮೇಲೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಆದರೆ ತುರ್ತಿಗೆ ಅದು ದೂರ. ಮನೆಯಲ್ಲಿ ಉಳಿದಿರುವ ಆ್ಯಂಟಿಬಯೋಟಿಕ್ ಕೊಡುವ ಸಾಹಸ ಬೇಡವೇ ಬೇಡ. ಬಾಯಿಯ ಮೂಲಕ ಕೊಡುವ ಪೆನಿಸಿಲಿನ್ ಗುಂಪಿನ ಔಷಧಗಳು ಗಿನಿಪಿಗ್‌ನ ಕರುಳಿನ ಸೂಕ್ಷ್ಮಜೀವಿಗಳ ಸಮತೋಲ ಕೆಡಿಸಿ ಅದನ್ನು ಕೊಲ್ಲಬಲ್ಲವು. ಆಸ್ಪತ್ರೆಗೆ ಒಯ್ಯುವಾಗ ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷವೂ ಬಿಡಬೇಡಿ.

ತರಗತಿಗೆ ಒಂದು ಪ್ರಯೋಗ

ಪ್ರಾಣಿಯನ್ನು ಪರೀಕ್ಷೆಗೆ ಒಡ್ಡದೆ ಮನೆಯ ಯಾವ ಮೂಲೆ ಅದಕ್ಕೆ ತಕ್ಕದ್ದೆಂದು ತಿಳಿಯಬಹುದು. ಒಂದು ಲೀಟರ್ ಬಾಟಲಿಗೆ 900 ಮಿಲಿಲೀಟರ್ ನೀರನ್ನು 40 ಡಿಗ್ರಿಯಲ್ಲಿ ತುಂಬಿ, ಮುಚ್ಚಳದಲ್ಲಿ ತೂತು ಮಾಡಿ ಉಷ್ಣತಾಮಾಪಕ ಇಳಿಬಿಡಿ. ಬಾಟಲಿಗೆ ದಪ್ಪ ಉಣ್ಣೆಯ ಕಾಲುಚೀಲ ತೊಡಿಸಿ. ಇದೇ ನಮ್ಮ ನಕಲಿ ಗಿನಿಪಿಗ್. ಆಯ್ದ ಮೂಲೆಯಲ್ಲಿ ಅದನ್ನು ಮಲಗಿಸಿ, 39.5ರಿಂದ 38.5ಕ್ಕೆ ಇಳಿಯಲು ಎಷ್ಟು ನಿಮಿಷ ಬೇಕೆಂದು ಗುರುತಿಸಿ. ನಡುನಡುವೆ ಬಾಟಲಿಯನ್ನು ಮೆಲ್ಲಗೆ ಹೊರಳಿಸಿ ನೀರು ಬೆರೆಯುವಂತೆ ಮಾಡಿ. ಈ ನೀರು ಒಂದು ಡಿಗ್ರಿ ಇಳಿಯುವಾಗ 3,770 ಜೂಲ್ ಕಳೆದುಕೊಳ್ಳುತ್ತದೆ. 3.5 ವಾಟ್ ದರದಲ್ಲಿ ಅದಕ್ಕೆ 18 ನಿಮಿಷ ಬೇಕು. ಅದಕ್ಕಿಂತ ಬೇಗ ಇಳಿದರೆ ಆ ಮೂಲೆ ಪ್ರಾಣಿಯ ಶಾಖವನ್ನು ಸೆಳೆದುಕೊಳ್ಳಬಲ್ಲದು. ಹೆಚ್ಚು ಹೊತ್ತು ಹಿಡಿದರೆ ಅಲ್ಲಿ ಕುಳಿತ ಪ್ರಾಣಿ ನಿಧಾನವಾಗಿ ಬಿಸಿಯಾಗುತ್ತಿರುತ್ತದೆ. ಕಾಲುಚೀಲ ಕೂದಲಿಗೆ ಸಮವಲ್ಲ, ಬಾಟಲಿಗೆ ಉಸಿರಿಲ್ಲ. ಆದ್ದರಿಂದ ಇದು ಅಂದಾಜು ಮಾತ್ರ. ಆದರೆ ಎರಡು ಮೂಲೆಗಳನ್ನು ಹೋಲಿಸಲು ಧಾರಾಳವಾಗಿ ಸಾಕು.

ಕಾಲುಚೀಲವನ್ನು ಒದ್ದೆ ಮಾಡಿ ಇನ್ನೊಮ್ಮೆ, ಫ್ಯಾನಿನಡಿ ಮತ್ತೊಮ್ಮೆ, ಪಕ್ಕದಲ್ಲಿ ಮಂಜುಗಡ್ಡೆಯ ಬಾಟಲಿ ಇಟ್ಟು ಮಗದೊಮ್ಮೆ ಅಳೆಯಿರಿ. ಘಟ್ಟದ ಮೇಲಿನ ಶಾಲೆಯೊಂದರ ಜೊತೆ ಅಂಕಿಗಳನ್ನು ವಿನಿಮಯ ಮಾಡಿಕೊಂಡರೆ ಒದ್ದೆ ಕಾಲುಚೀಲದ ಸಾಲಿನಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತದೆ. ಅಳತೆಯನ್ನು ಮಧ್ಯಾಹ್ನ ಎರಡು ಗಂಟೆಗೆ ಮಾತ್ರ ಮಾಡಿ ಮುಗಿಸಬೇಡಿ. ರಾತ್ರಿ ಎಂಟಕ್ಕೂ ಒಮ್ಮೆ ಮಾಡಿ. ತಾರಸಿ ಮನೆಯ ಮಹಡಿ ಕೋಣೆಯಲ್ಲಿ ಬಾಟಲಿ ಅತಿ ನಿಧಾನವಾಗಿ ತಣಿಯುವುದು ಆ ಹೊತ್ತಿನಲ್ಲೇ ಇರಬಹುದು.